ಮಳೆಗಾಲಕ್ಕೆ ಮುಂಚೆ ಮಾಳಿಗೆ: ಬೀದರ್ ಕೋಟೆಯ ನೆರೆಯ ನಮ್ಮ ಶಾಲೆಗಾಗಿ ಮನವಿ

ಮಾನ್ಯ ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ವಿಶ್ವಸ್ತ ಮಂಡಳಿಯ ನಮಸ್ಕಾರಗಳು.

ಕಳೆದ ಸೆಪ್ಟೆಂಬರಿನಲ್ಲಿ ಶಾಲೆಯ ಗ್ರಂಥಾಲಯದ ಮಾಳಿಗೆ ಸೋರಿದ ಸಂಗತಿಯನ್ನು ನಿಮ್ಮಲ್ಲಿ ಹಲವರಿಗೆ ಫೋನಿನಲ್ಲಿ ತಿಳಿಸಿದ್ದೆವು. ಸೋರಿತು ಎಂಬುದು ಮರ್ಯಾದೆಯ ಮಾತು. ನಡುವಿನ ಜಂತಿ ಮುರಿದು, ಮೇಲಿನ ಮಣ್ಣು ಕೆಸರಾಗಿ ಇಳಿದು, ಏಳನೆಯ ತರಗತಿಯ ಮಕ್ಕಳು ಮೂರು ತಿಂಗಳು ಕೂತು ಬರೆದಿದ್ದ ಕೋಟೆಯ ನಕ್ಷೆಯ ಮೇಲೆ ಬಿತ್ತು. ಕಂದಕಕ್ಕೆ ಹಚ್ಚಿದ್ದ ನೀಲಿ ಬಣ್ಣ ಹರಿದು ಕೋಟೆಯೊಳಗಿನ ಅರಮನೆ ರಂಗೀನ್ ಮಹಲಿನವರೆಗೆ ಬಂದಿತ್ತು. "ಸರ್, ಕೋಟೆಯೊಳಗೆ ನೀರು ನುಗ್ಗಿತು" ಎಂದ ಒಬ್ಬ ಹುಡುಗ. 1657ರಲ್ಲಿ ಔರಂಗಜೇಬನಿಗೆ ಈ ಕೋಟೆ ಹಿಡಿಯಲು ಸುಮಾರು ನಾಲ್ಕು ವಾರ ಮುತ್ತಿಗೆ ಹಾಕಬೇಕಾಯಿತು. ನಮ್ಮ ಮಾಳಿಗೆಗೆ ಎರಡು ದಿನದ ಮಳೆ ಸಾಕಾಯಿತು.

ಶಾಲೆಯ ಚರಿತ್ರೆ ನಿಮಗೆ ಗೊತ್ತಿರುವುದೇ, ಮತ್ತೆ ಬರೆಯುವುದಿಲ್ಲ. ಆದರೆ ನಮ್ಮ ಭಾನುವಾರದ ಕೋಟೆ ಪಾಠದ ಬಗ್ಗೆ ಎರಡು ಮಾತು ಹೇಳದಿದ್ದರೆ ಮನಸ್ಸು ಕೇಳುವುದಿಲ್ಲ. ಪ್ರವಾಸಿಗರು ಬಾಗಿಲು ದಾಟಿ ನೇರ ಒಳಗೆ ನಡೆಯುತ್ತಾರೆ. ನಾವು ಮಕ್ಕಳನ್ನು ಮೊದಲು ಕಂದಕದ ಅಂಚಿನಲ್ಲಿ ನಿಲ್ಲಿಸುತ್ತೇವೆ. ಬಹಮನಿ ಸುಲ್ತಾನ ಅಹಮದ್ ಶಾ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದು, 1432ರ ಹೊತ್ತಿಗೆ ಕೋಟೆ ಕಟ್ಟಿ ಮುಗಿಸಿದ. ದಕ್ಷಿಣಕ್ಕೆ ಕಂದಕ ಒಂದಲ್ಲ, ಮೂರು ಸಾಲು. ನೆಲದ ಜಂಬಿಟ್ಟಿಗೆಯನ್ನೇ ಕಡಿದು ತೆಗೆದವು. ಸಾಲು ಸಾಲಿನ ನಡುವೆ ನಿಂತಿರುವ ಗೋಡೆಯೂ ಕಟ್ಟಿದ್ದಲ್ಲ, ಕಡಿಯದೆ ಬಿಟ್ಟ ಬಂಡೆ. ಏಣಿ ಹೊತ್ತು ಬಂದ ಹಗೆ ಮೂರು ಸಲ ಇಳಿದು ಮೂರು ಸಲ ಹತ್ತಬೇಕು, ಮೇಲೆ ಬುರುಜಿನಲ್ಲಿ ಫಿರಂಗಿ. ಕಡಿದ ಕಲ್ಲೆಲ್ಲ ಎಲ್ಲಿ ಹೋಯಿತು ಎಂದು ಕೇಳಿದರೆ ನಮ್ಮ ಮಕ್ಕಳು ಕೋಟೆಯ ಗೋಡೆಯತ್ತ ಕೈ ತೋರಿಸುತ್ತಾರೆ.

ಪುಸ್ತಕಗಳಲ್ಲಿ ಯುರೋಪಿನ ಪುನರುಜ್ಜೀವನ ಕಾಲದ, ಸುತ್ತ ನೀರಿರುವ ಅರಮನೆಗಳ ಚಿತ್ರ ನೋಡಿ ಮಕ್ಕಳು ಬಾಯಿ ಬಿಡುತ್ತಾರೆ. ಬಿಡಲಿ, ಚೆಲುವು ಚೆಲುವೇ. ಆದರೆ 1518ರಲ್ಲಿ ಫ್ರಾನ್ಸಿನ ಅಜೆ-ಲ-ರಿದೊ ಅರಮನೆಗೆ ಕೈ ಹಾಕುವ ಹೊತ್ತಿಗೆ ನಮ್ಮ ಕಂದಕಕ್ಕೆ ಎಂಬತ್ತು ವರ್ಷ ದಾಟಿತ್ತು. ಅಲ್ಲಿಯ ನೀರು ಕನ್ನಡಿ, ಇಲ್ಲಿಯದು ಕಾವಲು. ಬೆಡಗು ಬೇಕಾದವರು ಒಳಗೆ ಬಂದು, ಬಹಮನಿಗಳ ನಂತರ ಬೀದರನ್ನಾಳಿದ ಅಲಿ ಬರೀದನ ರಂಗೀನ್ ಮಹಲ್ ನೋಡಬೇಕು: ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಬಳ್ಳಿಗಳು, ಕೆತ್ತಿದ ಮರದ ಕಂಬಗಳು. ಇದನ್ನೆಲ್ಲ ನಮ್ಮ ಮಕ್ಕಳು ಕನ್ನಡ, ಉರ್ದು, ಹಿಂದಿ ಮೂರರಲ್ಲೂ ವಿವರಿಸುತ್ತಾರೆ ಎಂದು ಹೇಳಿಕೊಳ್ಳಲು ನಮಗೆ ಸಂಕೋಚವಿಲ್ಲ.

ಈ ಮಕ್ಕಳು ಯಾರೆಂದೂ ಹೇಳಬೇಕು. ಕೆಲವರ ತಂದೆಯರು ಬಿದ್ರಿ ಎಂಬ ಲೋಹದ ಕಲೆಯ ಕುಶಲಕರ್ಮಿಗಳು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಹಳೆಯ ಕೋಟೆಯ ಮಣ್ಣನ್ನು ನವಸಾಗರವೆಂಬ ಲವಣದೊಂದಿಗೆ ನೀರಿನಲ್ಲಿ ಕಾಯಿಸಿ ಅದರಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳಗುತ್ತದೆ. ಎಲ್ಲ ಮಣ್ಣೂ ಆಗುವುದಿಲ್ಲ. ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿ ನೋಡಿಯೇ ಆರಿಸಬೇಕು. ಐದನೆಯ ತರಗತಿಯ ಹುಡುಗಿಯೊಬ್ಬಳು ಆ ರುಚಿಯನ್ನು ಕಣ್ಣು ಮುಚ್ಚಿ ಹೇಳುತ್ತಾಳೆ. ಆದರೆ ಅವಳ ಮನೆಯಲ್ಲಿ ಕೆಲಸ ತಿಂಗಳಿಗೆ ಹತ್ತು ದಿನವೂ ಇಲ್ಲ. ಇನ್ನುಳಿದವರಲ್ಲಿ ಬಹಳ ಮಂದಿಯ ಹೆತ್ತವರು ಹೈದರಾಬಾದಿನಲ್ಲಿ ಕಟ್ಟಡ ಕೆಲಸಕ್ಕಿದ್ದಾರೆ, ಮಕ್ಕಳು ಅಜ್ಜಿಯರ ಬಳಿ. ಸಂಜೆ ದೀಪದ ಕೆಳಗೆ ಕೂತು ಓದಲು ಇವರಿಗಿರುವುದು ಆ ಗ್ರಂಥಾಲಯ ಒಂದೇ.

ಗ್ರಂಥಾಲಯ ಕಳೆದುಕೊಳ್ಳುವುದು ಎಂದರೇನೆಂದು ಈ ಊರಿಗೆ ಗೊತ್ತು. ಬಹಮನಿ ರಾಜ್ಯದ ಪ್ರಧಾನಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವಂತೆ. ಹದಿನೇಳನೆಯ ಶತಮಾನದ ಕೊನೆಗೆ ಅಲ್ಲಿ ಕೋವಿಮದ್ದು ಸಿಡಿದು ಕಟ್ಟಡದ ಒಂದು ಪಾಲು ಹಾರಿಹೋಯಿತು. ಉಳಿದ ಮಿನಾರಿನ ನೀಲಿ ಹೆಂಚಿನ ಚೂರುಗಳನ್ನು ಇಂದಿಗೂ ನೋಡಬಹುದು.

ಈಗ ಲೆಕ್ಕ. ಜಂತಿ ಬದಲಿಸಿ, ಮಣ್ಣು ತೆಗೆದು, ಗಚ್ಚು ಹಾಕಿ, ನೀರು ಹೋಗುವ ದೋಣಿ ಕೂರಿಸಲು ಹನ್ನೊಂದು ಲಕ್ಷದ ಆಚೀಚೆ ಆಗುತ್ತದೆ. ಸಿಮೆಂಟಿನ ಸ್ಲ್ಯಾಬ್ ಹಾಕಿಬಿಡಿ ಎಂದವರಿದ್ದಾರೆ; ಹಳೆಯ ಜಂಬಿಟ್ಟಿಗೆ ಗೋಡೆ ಆ ಭಾರ ತಾಳುವುದಿಲ್ಲ. ಕೋಟೆಗೆ ಹತ್ತಿರದ ಕಟ್ಟಡವಾದ್ದರಿಂದ ದುರಸ್ತಿಗೂ ಅನುಮತಿ ಬೇಕಿತ್ತು, ಅದು ಕೈಸೇರುವಾಗ ಬೇಸಿಗೆ ಅರ್ಧ ಕಳೆದಿತ್ತು. ನಮ್ಮ ಬಳಿ ಸೇರಿರುವುದು ನಾಲ್ಕು ಲಕ್ಷದಷ್ಟು. ಹೆಸರು ಬೇಡವೆಂದ ಹಳೆಯ ವಿದ್ಯಾರ್ಥಿಯೊಬ್ಬರು, ಮೇ ಕೊನೆಯೊಳಗೆ ನಾವು ಎಷ್ಟು ಕೂಡಿಸುತ್ತೇವೋ ಅಷ್ಟನ್ನೇ ತಾವೂ ಕೊಡುವುದಾಗಿ ಮಾತು ಕೊಟ್ಟಿದ್ದಾರೆ. ಐನೂರು ರೂಪಾಯಿ ಕೊಟ್ಟರೂ ಸಾವಿರವಾಗುತ್ತದೆ. ಖಾತೆಯ ವಿವರ ಕಳೆದ ವರ್ಷದ ರಸೀದಿಯ ಹಿಂಬದಿಯಲ್ಲಿದೆ, ಅದೇ ಖಾತೆ.

ಮಕ್ಕಳು ಹೊಸ ನಕ್ಷೆ ಶುರು ಮಾಡಿದ್ದಾರೆ. ಸದ್ಯ ಅದು ಮುಖ್ಯೋಪಾಧ್ಯಾಯರ ಮನೆಯ ಮಂಚದ ಕೆಳಗಿದೆ.

ಇಂತಿ,
ವಿಶ್ವಸ್ತ ಮಂಡಳಿಯ ಪರವಾಗಿ ಕಾರ್ಯದರ್ಶಿ