ಬೀಚಿಗೆ ಬೀಗ ಬೇಡ, ಕಾಯುವವರನ್ನು ಕೊಡಿ
ಕರ್ನಾಟಕ ಸರ್ಕಾರದ ಪ್ರವಾಸೋದ್ಯಮ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಕೊಚ್ಚಿಹೋದರು. ಆಮೇಲೆ ಪರಿಹಾರ ಘೋಷಣೆಯಾಯಿತು, ಶಿಕ್ಷಕರ ಮೇಲೆ ಕ್ರಮವಾಯಿತು, ಬೀಚಿಗೆ ಪ್ರವೇಶ ನಿಷೇಧವಾಯಿತು. ಕರಾವಳಿಯಲ್ಲಿ ಯಾರಾದರೂ ಮುಳುಗಿದಾಗಲೆಲ್ಲ ಹೀಗೆ ಹಗ್ಗ ಕಟ್ಟಿ ಜನರನ್ನು ತಡೆಯುವುದೇ ಪರಿಹಾರ ಎಂಬಂತಾಗಿದೆ. ಇದನ್ನು ದಯವಿಟ್ಟು ಬದಲಿಸಿ.

ನಾನು ಕುಂದಾಪುರ ಕಡೆಯವನು. ರಜೆಗೆ ಬರುವ ಬಯಲುಸೀಮೆಯ ನೆಂಟರು ನೀರಿಗಿಳಿಯುವ ಮೊದಲು ಕೇಳುವುದು ಶಾರ್ಕ್ ಬಗ್ಗೆ. ನಮ್ಮ ಕಡಲಲ್ಲಿ ಶಾರ್ಕ್ ಇಲ್ಲವೆಂದಲ್ಲ. ನಾವು ತಾಟೆ ಎನ್ನುವ ಶಾರ್ಕ್‌ನ ಮರಿ ಮೀನುಪೇಟೆಗೇ ಬರುತ್ತದೆ. ಆದರೆ ದಡದಲ್ಲಿ ಸ್ನಾನ ಮಾಡುವವರ ಮೇಲೆ ಶಾರ್ಕ್ ಎರಗಿದ ಸುದ್ದಿಯನ್ನು ನಮ್ಮೂರಲ್ಲಿ ನಾನು ಕೇಳಿಲ್ಲ. ಜೆಲ್ಲಿ ಫಿಶ್ ತಾಗಿ ಮೈ ಉರಿಸಿಕೊಂಡವರುಂಟು. ಜೀವ ತೆಗೆಯುವುದು ನೀರಿನ ಸೆಳೆತ. ಅದರ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ, ಏಕೆಂದರೆ ಅವರಿಗೆ ಯಾರೂ ಹೇಳಿಲ್ಲ.

ಅಲೆಗಳು ದಡಕ್ಕೆ ತಂದು ಸುರಿದ ನೀರು ಮರಳದಿಬ್ಬಗಳ ನಡುವೆ ಸಿಕ್ಕ ಕಿರಿದಾದ ಸಂದಿಯಲ್ಲಿ ರಭಸದಿಂದ ಕಡಲಿಗೆ ಹಿಂತಿರುಗುತ್ತದೆ. ಇದೇ ರಿಪ್ ಕರೆಂಟ್. ಆ ಜಾಗದಲ್ಲಿ ಆಳ ಹೆಚ್ಚು, ಹಾಗಾಗಿ ಅಲೆ ಅಷ್ಟಾಗಿ ಒಡೆಯುವುದಿಲ್ಲ. ಎರಡೂ ಬದಿಯಲ್ಲಿ ಬಿಳಿ ನೊರೆ, ನಡುವೆ ಮಾತ್ರ ಸಮತಟ್ಟಾದ, ತುಸು ಕಂದು ಬಣ್ಣದ ನೀರು. ಕಡಲು ನೋಡದ ಊರಿನಿಂದ ಬಂದ ತಾಯಿ ಮಕ್ಕಳನ್ನು ಇಳಿಸುವುದು ಅಲ್ಲಿಗೇ, ಅಲ್ಲಿ ಅಲೆ ಕಡಿಮೆ ಎಂದು. ಸಿಕ್ಕಿಕೊಂಡವರು ದಡದ ಕಡೆಗೇ ಕೈ ಬಡಿಯುತ್ತಾರೆ; ಚೆನ್ನಾಗಿ ಈಜುವವರೂ ಸುಸ್ತಾಗಿ ಮುಳುಗುವುದು ಹಾಗೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು, ಆಗದಿದ್ದರೆ ತೇಲುತ್ತಾ ಕೈಯೆತ್ತಿ ಕರೆಯಬೇಕು. ಕರೆದರೆ ನೋಡಲು ದಡದಲ್ಲಿ ಒಬ್ಬರು ಇರಬೇಕಲ್ಲವೇ?

'ಸಮುದ್ರಕ್ಕೆ ಇಳಿಯಬೇಡಿ' ಎಂಬ ಫಲಕವನ್ನು ನೂರಾರು ಕಿ.ಮೀ. ಪ್ರಯಾಣ ಮಾಡಿ ಬಂದವರು ಕೇಳುವುದಿಲ್ಲ. ಎಲ್ಲಿ ಇಳಿಯಬಹುದೆಂದು ತೋರಿಸಿದರೆ ಕೇಳುತ್ತಾರೆ. ಕೆಂಪು ಹಳದಿ ಬಾವುಟಗಳ ನಡುವೆ ಈಜುವ ಜಾಗ, ಬರೀ ಕೆಂಪು ಇದ್ದರೆ ನೀರಿಗೆ ಇಳಿಯುವಂತಿಲ್ಲ: ಜಗತ್ತಿನ ಬಹಳಷ್ಟು ಕಡಲತೀರಗಳಲ್ಲಿ ಇದೇ ರೂಢಿ. ಮರಳದಿಬ್ಬ ಜಾಗ ಬದಲಿಸುತ್ತಲೇ ಇರುತ್ತದೆ, ಆದ್ದರಿಂದ ಬಾವುಟವನ್ನು ದಿನವೂ ಬೆಳಿಗ್ಗೆ ನೀರು ನೋಡಿಯೇ ನೆಡಬೇಕು. ಹಾಗೆ ನೀರು ನೋಡಬಲ್ಲವರು ನಮ್ಮ ಮೀನುಗಾರ ಕುಟುಂಬಗಳಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ತರಬೇತಿ, ರಕ್ಷಣಾ ಸಾಧನ, ವರ್ಷಪೂರ್ತಿ ಸಂಬಳ ಕೊಡಿ. ಋತುವಿಗೊಮ್ಮೆ ಗುತ್ತಿಗೆ ಎಂದರೆ ಅನುಭವಿಗಳು ದೋಣಿಗೇ ವಾಪಸು ಹೋಗುತ್ತಾರೆ. ನೆರೆಯ ಗೋವಾ 2008ರಿಂದಲೇ ತನ್ನ ಬೀಚುಗಳಲ್ಲಿ ವೃತ್ತಿಪರ ಜೀವರಕ್ಷಕ ಸೇವೆ ನಡೆಸುತ್ತಿದೆ.

ಇನ್ನೊಂದು ಮಾತು. ಕಡಲಿನ ಸ್ಥಿತಿಗತಿ ತಿಳಿಸುವ ಕೇಂದ್ರ ಸರ್ಕಾರದ ಸಂಸ್ಥೆ, ಹೈದರಾಬಾದಿನ ಇನ್‌ಕಾಯ್ಸ್, ನಮ್ಮ ಕರಾವಳಿಗೂ ಎತ್ತರದ ಅಲೆಗಳ ಮುನ್ನೆಚ್ಚರಿಕೆ ಕೊಡುತ್ತದೆ. ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆ ಇಲ್ಲಿ ಗಾಳಿ ಮಳೆ ಏನೂ ಇಲ್ಲದ ದಿನ ಬಂದು ಬಡಿಯಬಹುದು. ಆ ಎಚ್ಚರಿಕೆ ಮೀನುಗಾರರಿಗೆ ಮುಟ್ಟುತ್ತದೆ, ಟೂರ್ ಬಸ್ಸಿನ ಡ್ರೈವರಿಗೆ ಮುಟ್ಟುವುದಿಲ್ಲ. ಬೀಚಿನ ಪಾರ್ಕಿಂಗ್‌ನಲ್ಲೇ ಕನ್ನಡದಲ್ಲಿ ಬರೆದು ಹಾಕಿಸಿ.

ಹೊನ್ನಾವರದ ಕಾಸರಕೋಡು ಮತ್ತು ಪಡುಬಿದ್ರಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಜೀವರಕ್ಷಕರು ಅಥವಾ ರಕ್ಷಣಾ ಸಾಧನ, ಪ್ರಥಮ ಚಿಕಿತ್ಸೆ, ಅಂಗವಿಕಲರಿಗೆ ದಾರಿ, ಇವೆಲ್ಲ ಅದರ ಷರತ್ತುಗಳಲ್ಲಿ ಸೇರಿವೆ. ಅದೇ ಮರವಂತೆಯಲ್ಲಿ ನೋಡಿ: ರಾಷ್ಟ್ರೀಯ ಹೆದ್ದಾರಿ 66ರ ಪಕ್ಕ ಕಾರು ನಿಲ್ಲಿಸಿ ಜನ ಕಡಲ್ಕೊರೆತ ತಡೆಗೆ ಹಾಕಿದ ಬಂಡೆಗಳ ಮೇಲಿಂದಲೇ ಇಳಿಯುತ್ತಾರೆ. ಮಳೆಗಾಲದಲ್ಲಿ ಆ ಕಲ್ಲು ಪಾಚಿಗಟ್ಟಿ ಜಾರುತ್ತದೆ. ಮಂಡಿನೋವಿನ ಅಜ್ಜಿಯೊಬ್ಬರು, ಗಾಲಿಕುರ್ಚಿಯ ಹುಡುಗನೊಬ್ಬ ಅಲ್ಲಿ ಕಡಲನ್ನು ಕಾರಿನ ಕಿಟಕಿಯಿಂದಲೇ ನೋಡಿ ಹೋಗಬೇಕು.

ಡಿಸೆಂಬರ್ ಬಂದರೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಅದಕ್ಕೂ ಮೊದಲು ಮೂರೂ ಕರಾವಳಿ ಜಿಲ್ಲೆಗಳಿಂದ ಬೀಚುವಾರು ಪಟ್ಟಿ ತರಿಸಿ: ಎಲ್ಲಿ ಎಷ್ಟು ಜೀವರಕ್ಷಕರಿದ್ದಾರೆ, ಎಷ್ಟು ಗಂಟೆಯಿಂದ ಎಷ್ಟರವರೆಗೆ ಇರುತ್ತಾರೆ, ಈಜುವ ಜಾಗ ಗುರುತಾಗಿದೆಯೇ. ಅದನ್ನು ರಾಜ್ಯದ ಪ್ರತಿ ಶಾಲೆಗೂ ಕಳಿಸಿ, ಸಾರ್ವಜನಿಕವಾಗಿಯೂ ಪ್ರಕಟಿಸಿ.

ಇಂತಿ,
ಕುಂದಾಪುರ ಕಡೆಯ ಒಬ್ಬ ನಾಗರಿಕ