ಗಡೀಪಾರು ಬೇರೆ, ಹಸ್ತಾಂತರ ಬೇರೆ

ಮಾನ್ಯ ಸಂಪಾದಕರೇ,

ದೇಶ ಬಿಟ್ಟು ಓಡಿದ ಆರೋಪಿಗಳ ಸುದ್ದಿಗಳಲ್ಲಿ ‘ಗಡೀಪಾರು’, ‘ಹಸ್ತಾಂತರ’ ಪದಗಳು ಅದಲುಬದಲಾಗುತ್ತಲೇ ಇವೆ. ಗಡೀಪಾರು ಎಂದರೆ ವಿದೇಶಿಯನ್ನು ಹೊರಗೆ ಕಳುಹಿಸಲು ಒಂದು ದೇಶ ತನ್ನ ವಲಸೆ ಕಾನೂನಿನಡಿ ತಾನೇ ಕೈಗೊಳ್ಳುವ ಕ್ರಮ. ಹಸ್ತಾಂತರ ಎಂದರೆ ಆರೋಪಿಯನ್ನು ವಿಚಾರಣೆಗೆ ಇನ್ನೊಂದು ದೇಶಕ್ಕೆ ಒಪ್ಪಿಸುವುದು; ಅದಕ್ಕೆ ಆ ದೇಶದ ಕೋರಿಕೆ ಬೇಕು, ಸಾಮಾನ್ಯವಾಗಿ ಒಪ್ಪಂದವೂ ಇರಬೇಕು. ಇಂಟರ್‌ಪೋಲ್‌ನ ರೆಡ್ ನೋಟಿಸ್ ಹೊರಟರೆ ಆಸಾಮಿ ಸಿಕ್ಕಿಬಿದ್ದಂತೆಯೇ ಎಂದು ಬರೆಯುವುದೂ ಸರಿಯಲ್ಲ. ಅದು ಆಸಾಮಿಯನ್ನು ಪತ್ತೆಹಚ್ಚಿ ತಾತ್ಕಾಲಿಕವಾಗಿ ಹಿಡಿದಿಡಿ ಎಂದು ಬೇರೆ ದೇಶಗಳ ಪೊಲೀಸರಿಗೆ ಮಾಡುವ ಕೋರಿಕೆ, ಬಂಧನದ ವಾರಂಟ್ ಅಲ್ಲ.

ಎಷ್ಟೋ ಕೋರಿಕೆಗಳು ಕಾಗದಪತ್ರದಲ್ಲೇ ಮುಗ್ಗರಿಸುತ್ತವೆ. ವಾರಂಟ್, ಕೃತ್ಯದ ವಿವರ, ಅನ್ವಯಿಸುವ ಕಲಮಿನ ಪಠ್ಯ, ಗುರುತು, ಅನುವಾದ ಎಲ್ಲವೂ ಗಡುವಿನೊಳಗೆ ತಲುಪಬೇಕು. 1957ರ ಯುರೋಪಿಯನ್ ಹಸ್ತಾಂತರ ಒಡಂಬಡಿಕೆಯಡಿ, ಕೋರಿಕೆಯ ದಾಖಲೆ ಬರುವ ಮುನ್ನವೇ ತಾತ್ಕಾಲಿಕ ಬಂಧನವಾಗಿ, 18 ದಿನಗಳಲ್ಲಿ ಅದು ಬಾರದಿದ್ದರೆ ಆರೋಪಿಯನ್ನು ಬಿಡಬಹುದು. ಏನೇ ಆದರೂ ತಾತ್ಕಾಲಿಕ ಬಂಧನ 40 ದಿನ ಮೀರುವಂತಿಲ್ಲ.

ಕೃತ್ಯ ಎರಡೂ ದೇಶಗಳಲ್ಲಿ ಅಪರಾಧವಾಗಿರಬೇಕು ಎಂಬುದು ಮುಖ್ಯ ಷರತ್ತು. ಕಲಮಿನ ಹೆಸರು ಒಂದೇ ಆಗಬೇಕಿಲ್ಲ, ನಡೆದದ್ದೇನು ಎಂಬುದು ಮುಖ್ಯ. ಮೇಲೆ ‘ವಂಚನೆ’ ಎಂದು ಬರೆದು ಒಳಗೆ ಸಾಲ ತೀರಿಸದ ಲೆಕ್ಕವಷ್ಟೇ ಇದ್ದರೆ, ಸಾಲ ಪಡೆಯುವಾಗಲೇ ಸುಳ್ಳು ಹೇಳಿದ್ದಕ್ಕೆ ಆಧಾರ ಎಲ್ಲಿ ಎಂದು ಆರೋಪಿಯ ವಕೀಲರು ಕೇಳದೆ ಬಿಡುವುದಿಲ್ಲ.

ಒಪ್ಪಿಸಿದ ಮೇಲೂ ಕಟ್ಟುಪಾಡು ಇದೆ: ಯಾವ ಆರೋಪಕ್ಕೆ ಕರೆತಂದರೋ ಅದಕ್ಕಷ್ಟೇ ವಿಚಾರಣೆ. ಹಳೆಯ ಬೇರೊಂದು ಕೇಸು ತೆಗೆಯಲು ಒಪ್ಪಿಸಿದ ದೇಶದ ಸಮ್ಮತಿ ಬೇಕು. ಮರಣದಂಡನೆಯ ಸಾಧ್ಯತೆ ಇದ್ದರೆ, ಅದನ್ನು ಜಾರಿ ಮಾಡುವುದಿಲ್ಲ ಎಂಬ ಲಿಖಿತ ಭರವಸೆಯನ್ನು ಹಲವು ದೇಶಗಳು ಮೊದಲೇ ಕೇಳುತ್ತವೆ. ನ್ಯಾಯಾಲಯ ಒಪ್ಪಿದರೂ ಅನೇಕ ಕಡೆ ಕೊನೆಯ ಸಹಿ ಸಚಿವರದ್ದೇ. ‘ಕೋರ್ಟ್ ಅಸ್ತು, ನಾಳೆಯೇ ವಿಮಾನ’ ಎಂಬ ತಲೆಬರಹಕ್ಕೆ ಅಷ್ಟು ಅವಸರ ಬೇಡ.