ಉಗುರು ತೆಗೆಯುವ ಚಾಕು

ತಮ್ಮಾ,

ನಿನ್ನ ಕಾದಂಬರಿ ಎರಡು ಸಲ ಓದಿದೆ, ಅದಕ್ಕೇ ಉತ್ತರ ತಡವಾಯಿತು. ಅಧ್ಯಾಯ ಎಷ್ಟುದ್ದ ಇರಬೇಕು, ಯಾವ ಪ್ರಕಾಶಕರಿಗೆ ಕಳಿಸಲಿ ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳುತ್ತಾರೆ, ಬಿಡು.

ನಿನ್ನ ನಾಯಕ, 14ನೇ ಶತಮಾನದ ದಕ್ಷಿಣ ಫ್ರಾನ್ಸಿನಲ್ಲಿ ಫ್ವಾ ಸೀಮೆಯ ಒಡೆಯ, ಕೌಂಟ್ ಗ್ಯಾಸ್ಟನ್ ಫೆಬ್ಯುಸ್‌ನ ಬೇಟೆನಾಯಿಗಳು, ನಡುರಾತ್ರಿ ಊಟ, ಎದುರಿಗೆ 12 ದೀವಟಿಗೆ, ಎಲ್ಲ ಚೆನ್ನಾಗಿ ಬಂದಿದೆ. ವರದಕ್ಷಿಣೆ ಬಾಕಿ ಅಂತ 1362ರಲ್ಲಿ ಬಾಣಂತಿ ಹೆಂಡತಿ ಆಗ್ನೆಸ್‌ಳನ್ನು ತವರಿಗೆ ಅಟ್ಟಿದ್ದನ್ನು ಮೂರೇ ಸಾಲಿನಲ್ಲಿ ಮುಗಿಸಿದ್ದೀಯಲ್ಲ, ಅದನ್ನೋದಿ ಹೊಟ್ಟೆಕಿಚ್ಚಾಯಿತು.

1380ಕ್ಕೆ, ಅವರ ಮಗ ಸಾಯುವಲ್ಲಿಗೆ ಬರುತ್ತಿದ್ದಂತೆ ಯಾಕೆ ಹೆದರಿಬಿಟ್ಟೆ? ಆ ಕಾಲದ ಚರಿತ್ರೆ ಬರೆದಿಟ್ಟ ಫ್ರ್ವಾಸಾರ್ ಹೇಳುವುದು ಹೀಗೆ: ಸೋದರಮಾವ, ನವಾರ್‌ನ ರಾಜ, ಹುಡುಗನ ಕೈಗೆ ಒಂದು ಪುಡಿ ಕೊಟ್ಟು, ಅಪ್ಪನ ಊಟದ ಮೇಲೆ ಉದುರಿಸು, ಅಮ್ಮನ ಮೇಲೆ ಮತ್ತೆ ಪ್ರೀತಿ ಬರುತ್ತೆ ಅಂದ. ಕೌಂಟ್ ಅದನ್ನು ನಾಯಿಗೆ ತಿನ್ನಿಸಿದ, ನಾಯಿ ಸತ್ತಿತು. ಕೂಡಿಹಾಕಿದ ಮೇಲೆ ಹುಡುಗ ಊಟ ಬಿಟ್ಟ. ಉಗುರು ತೆಗೆಯುತ್ತಿದ್ದ ಅಪ್ಪ ಆ ಪುಟ್ಟ ಚಾಕು ಹಿಡಿದುಕೊಂಡೇ ಹೋಗಿ ಗದರಿದ. ಬೆರಳ ಸಂದಿಯಿಂದ ಇಣುಕುತ್ತಿದ್ದ ಮೊನೆ ಮಗನ ಕತ್ತಿನ ನರಕ್ಕೆ ತಗುಲಿತು, ಅಷ್ಟೇ. ಆಕಸ್ಮಿಕ.

ನೀನು ಅದನ್ನೇ ಹಾಗ್ಹಾಗೇ ನುಂಗಿ, ಮೇಲೆ ಎರಡು ಪುಟ ಅಳು ಬೇರೆ ಸೇರಿಸಿದ್ದೀಯ. ಫ್ರ್ವಾಸಾರ್ ಕೌಂಟನ ಊರು ಒರ್ತೆಜ್‌ಗೆ ಹೋಗಿದ್ದು 1388ರಲ್ಲಿ. ಕೌಂಟನ ಮನೆಯಲ್ಲೇ ಉಂಡು, ರಾತ್ರಿ ಅವನಿಗೇ ಪದ್ಯ ಓದಿ ಹೇಳುತ್ತಿದ್ದವನು. ಉಪ್ಪು ತಿಂದಿದ್ದ, ಹಾಗೆ ಬರೆದ. ನೀನು ಯಾರ ಉಪ್ಪು ತಿಂದಿದ್ದೀಯೋ?

ನಾನು ತಿಂದಿದ್ದೆ, ಅದಕ್ಕೇ ಇಷ್ಟು ಸಿಟ್ಟು. ಅಪ್ಪ ಅಣ್ಣನನ್ನು ಬಾಸುಂಡೆ ಬರುವ ಹಾಗೆ ಹೊಡೆದಿದ್ದನ್ನು ಒಂದು ಕಥೆ ಮಾಡಿದ್ದೆ. ಪ್ರೀತಿ ಜಾಸ್ತಿ ಇದ್ದಿದ್ದಕ್ಕೇ ಹೊಡೆದರು ಅಂತ ಬರೆದೆ. ಎಲ್ಲರೂ ಹೊಗಳಿದರು, ಬಹುಮಾನವೂ ಬಂತು. ಅಣ್ಣ ಓದಿದ, ಮಡಚಿ ಟೇಬಲ್ ಮೇಲಿಟ್ಟ, ಸುಮ್ನೆ ಎದ್ದು ಹೋದ. ಸೈಕಲ್ ಜಗಳದ ಸಿಟ್ಟಿಗೆ ಅವತ್ತು ಅಪ್ಪನ ಹತ್ತಿರ ಚಾಡಿ ಹೇಳಿದ್ದು ನಾನೇ. ಅದು ಕಥೆಯಲ್ಲಿ ಇರಲಿಲ್ಲ.

ಈಗ ಯ್ವೆನ್‌ನ ವಿಷಯ. ಕೌಂಟನಿಗೆ ಮದುವೆಯಾಚೆ ಹುಟ್ಟಿದ ಮಗ. ಚೆಂಡಾಟದ ಜಗಳದಲ್ಲಿ ಕೆನ್ನೆಗೆ ಹೊಡೆಸಿಕೊಂಡು, ಅಳುತ್ತಾ ಹೋಗಿ ಆ ಪುಡಿಯ ಚೀಲದ ಸುದ್ದಿ ಅಪ್ಪನಿಗೆ ಮುಟ್ಟಿಸಿದವನು. 1393ರಲ್ಲಿ ಪ್ಯಾರಿಸ್‌ನಲ್ಲಿ, ರಾಜನೂ ಕುಣಿಯುತ್ತಿದ್ದ ಕೂಟದಲ್ಲಿ, ವೇಷಕ್ಕೆ ಬೆಂಕಿ ಹತ್ತಿ ಸತ್ತ. ನಿನ್ನ 300 ಪುಟದಲ್ಲಿ ಅವನು ಒಂದು ಸಲವೂ ಬಾಯಿ ಬಿಡುವುದಿಲ್ಲ.

ಆ ಅಧ್ಯಾಯ ಅವನಿಂದ ಹೇಳಿಸಿ ನೋಡು. ಯುಗಾದಿಯೊಳಗೆ ಕಳಿಸು ಮಾರಾಯ, ಆಮೇಲೆ ನನಗೆ ಕಣ್ಣಿನ ಆಪರೇಷನ್ ಇದೆ.